ಹತ್ತು ಸಾವಿರ ಪಟ್ಟು ಶಕ್ತಿಯ ಹಣ್ಣು ಮತ್ತು ನಮ್ಮಕ್ಕನ ನಾಲ್ಕೂವರೆ ತಿಂಗಳು

ಮೊನ್ನೆ ಒಂದು ರಾತ್ರಿ ಊಟ ಮುಗಿಸಿ, ಬಿ.ಪಿ. ಮಾತ್ರೆ ನುಂಗಿ, ಇನ್ನೇನು ದೀಪ ಆರಿಸಬೇಕು ಅನ್ನುವಷ್ಟರಲ್ಲಿ ನನ್ನ ತಮ್ಮನ ಸೊಸೆ ಫೋನ್ ಮಾಡಿದಳು. ಒಂಬತ್ತು ಗಂಟೆ ದಾಟಿದ ಮೇಲೆ ಫೋನ್ ಬಂದರೆ ನಮ್ಮಂಥ ವಯಸ್ಸಾದವರ ಮನೆಯಲ್ಲಿ ಎದೆ ಡವಗುಟ್ಟುತ್ತದೆ. ನನ್ನ ಹೆಂಡತಿ ಆಗಲೇ ಎದ್ದು ಕೂತಿದ್ದಳು.

"ದೊಡ್ಡಮಾವ, ಮಲಗಿಬಿಟ್ಟಿದ್ರಾ? ಒಂದು ವಿಷಯ ಕೇಳ್ಬೇಕಿತ್ತು. ನಮ್ಮಮ್ಮನಿಗೆ ಬಾಯಲ್ಲಿ ಹುಣ್ಣಾಗಿದೆ. ಯುಗಾದಿ ಹೊತ್ತಿಂದ ಇದೆ, ಮಾಯ್ತಾನೇ ಇಲ್ಲ. ಡಾಕ್ಟ್ರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು ಅಂದಿದ್ದಾರೆ. ನಮ್ಮಣ್ಣ ಬೇಡ ಅಂತಾನೆ. ಗ್ರೂಪಲ್ಲಿ ಲಕ್ಷ್ಮಣಫಲದ್ದು ಬಂದಿತ್ತಲ್ಲ, ಅದನ್ನೇ ಒಂದೆರಡು ತಿಂಗಳು ಕೊಟ್ಟು ನೋಡೋಣ ಅಂತಾನೆ. ನೀವೇನಂತೀರಾ?"

ನಮ್ಮ ಬಂಧುಬಳಗದಲ್ಲಿ ಕಾಗದಪತ್ರ ಇರುವ ಯಾವ ವಿಷಯವಾದರೂ ನನ್ನ ಹತ್ತಿರ ಬರುತ್ತದೆ. ಠೇವಣಿಗೆ ಎಲ್ಲಿ ಬಡ್ಡಿ ಜಾಸ್ತಿ, ಪಿಂಚಣಿ ಅರ್ಜಿ ಹೇಗೆ ತುಂಬಬೇಕು, ಜಮೀನಿನ ಪಹಣಿಯಲ್ಲಿ ಹೆಸರು ತಪ್ಪಾಗಿದೆ ಏನು ಮಾಡುವುದು. ಕಾಗದ ಇಲ್ಲದ ವಿಷಯವೂ ಬರುತ್ತದೆ. ನನಗಿರುವ ಅರ್ಹತೆ ಒಂದೇ: ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದವನು. ಓದಿದ್ದು ಬಿ.ಕಾಂ. ದೇಹದ ಒಳಗಿನ ವ್ಯವಹಾರ ನನಗೇನು ಗೊತ್ತು? ಆದರೂ ಕೇಳುತ್ತಾರೆ, ನಾನೂ ಹೇಳುತ್ತೇನೆ.

ಆವತ್ತು ಮಾತ್ರ ತಕ್ಷಣ ಹೇಳಲು ಬಾಯಿ ಬರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನನಗೆ ಇನ್ನೊಬ್ಬರು ಕೇಳಿದ್ದರು. ನಾನು ಉತ್ತರ ಕೊಟ್ಟಿದ್ದೆ.

"ಬೆಳಿಗ್ಗೆ ನಾನೇ ಬರ್ತೀನಮ್ಮ. ಅಲ್ಲೀವರೆಗೆ ಏನೂ ತೀರ್ಮಾನ ಮಾಡ್ಬೇಡಿ" ಎಂದು ಫೋನಿಟ್ಟೆ. ನಿದ್ದೆ ಬರಲಿಲ್ಲ.

ನಮ್ಮಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಮದುವೆಯಾಗಿ ಅರಕಲಗೂಡಿನ ಕಡೆಯ ಹಳ್ಳಿಗೆ ಹೋದಮೇಲೂ, ನಾನು ಹಾಸನದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಗ, ವಾರಕ್ಕೊಮ್ಮೆ ಬಸ್ ಕಂಡಕ್ಟರ್ ಕೈಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಳಿಸುತ್ತಿದ್ದಳು. ಡಬ್ಬಿ ವಾಪಸು ಕಳಿಸದಿದ್ದರೆ ಮುಂದಿನ ವಾರ ರೊಟ್ಟಿಯ ಜೊತೆ ಬೈಗುಳದ ಚೀಟಿಯೂ ಬರುತ್ತಿತ್ತು.

2003ರ ಗೌರಿ ಹಬ್ಬಕ್ಕೆ ಅರಿಸಿನ ಕುಂಕುಮದ ದುಡ್ಡು ಕೊಡಲು ನಾವಿಬ್ಬರೂ ಅವಳ ಮನೆಗೆ ಹೋಗಿದ್ದೆವು. ಅಡುಗೆಮನೆಯಲ್ಲಿ ಅಕ್ಕ ನನ್ನ ಹೆಂಡತಿಗೆ ಮಾತ್ರ ಹೇಳಿದಳಂತೆ: ಎಡಗಡೆ ಎದೆಯಲ್ಲಿ ಒಂದು ಗಂಟು, ಹುಣಸೆಬೀಜದಷ್ಟು, ನೋವಿಲ್ಲ. ಬಸ್ಸಿನಲ್ಲಿ ಬರುವಾಗ ಹೆಂಡತಿ ನನಗೆ ಹೇಳಿದಳು. ವಾರದೊಳಗೆ ಹಾಸನದಲ್ಲಿ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ಸೂಜಿಯಲ್ಲಿ ಸ್ವಲ್ಪ ತೆಗೆದು ಪರೀಕ್ಷೆ ಮಾಡಿಸಬೇಕು, ತಡಮಾಡಬೇಡಿ ಎಂದರು. ಐದು ನಿಮಿಷದಲ್ಲಿ ಮುಗಿಯಿತು. ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು.

ಆ ಸಂಜೆ ಅಕ್ಕನ ಮನೆ ಜಗಲಿಯಲ್ಲಿ ಒಂದು ಸಭೆಯೇ ಸೇರಿತು. ಸೂಜಿ ಚುಚ್ಚಿದರೆ ಗಂಟು ಕೆರಳುತ್ತದೆ, ಕತ್ತಿ ತಾಗಿದರೆ ಮೈಯೆಲ್ಲ ಹರಡುತ್ತದೆ ಎಂದು ಒಬ್ಬರು. ಅವರ ಚಿಕ್ಕಪ್ಪ ಆಪರೇಷನ್ ಮಾಡಿಸಿಕೊಂಡು ವರ್ಷ ತುಂಬುವುದರೊಳಗೆ ಹೋದರು ಎಂದು ಇನ್ನೊಬ್ಬರು. ಆ ಚಿಕ್ಕಪ್ಪ ಆಸ್ಪತ್ರೆಗೆ ಹೋಗಿದ್ದೇ ರೋಗ ಬಲಿತ ಮೇಲೆ ಎಂಬುದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಘಟ್ಟದ ಕೆಳಗೆ ಒಬ್ಬರು ನಾಟಿ ಔಷಧಿ ಕೊಡುತ್ತಾರೆ, ಎಂಥೆಂಥ ಗಂಟೂ ಕರಗಿದೆ ಎಂಬ ಮಾತು ಬಂತು. ಕೊನೆಗೆ ಭಾವ ನನ್ನ ಕಡೆ ತಿರುಗಿದರು. "ನೀವು ಓದಿದೋರು, ಹೊರಗೆ ನಾಲ್ಕು ಜನರನ್ನ ಕಂಡೋರು. ನೀವು ಹೇಗೆ ಹೇಳ್ತೀರೋ ಹಾಗೆ."

ನಾನು ಹೇಳಿದ್ದು ಇದು: "ಮೂರು ತಿಂಗಳು ನೋಡೋಣ ಭಾವ. ಗುಣ ಕಾಣದಿದ್ರೆ ಆಸ್ಪತ್ರೆ ಇದ್ದೇ ಇದೆಯಲ್ಲ."

ಔಷಧಿ ತರಲು ಹೋದವನೂ ನಾನೇ. ಆ ಮನುಷ್ಯರ ಬಗ್ಗೆ ಕೆಟ್ಟ ಮಾತಾಡುವುದು ಸುಲಭ, ಆದರೆ ಆವತ್ತು ನನಗೆ ಅವರು ಕೆಟ್ಟವರಾಗಿ ಕಾಣಲಿಲ್ಲ. ಕಾಫಿ ಕೊಟ್ಟರು. ಅಕ್ಕನ ಊಟ, ನಿದ್ದೆ, ಮನಸ್ಸಿನ ಬೇಸರ ಎಲ್ಲವನ್ನೂ ಸಮಾಧಾನವಾಗಿ ಕೇಳಿದರು. ಅರ್ಧ ಗಂಟೆ ನನ್ನ ಜೊತೆ ಕೂತರು. ನಮ್ಮ ಆಸ್ಪತ್ರೆಗಳಲ್ಲಿ ಸಿಗದೇ ಇರುವುದು ಆ ಅರ್ಧ ಗಂಟೆಯೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ರೋಗಿ ಬರಬೇಕಾಗಿಲ್ಲ, ಹೆಸರು, ವಯಸ್ಸು, ಗಂಟು ಎಲ್ಲಿ ಎಂದು ಹೇಳಿದರೆ ಸಾಕು ಎಂದರು. ಒಂದು ಆಲ್ಬಮ್ ಕೊಟ್ಟರು. ಗುಣವಾದವರು ಬರೆದ ಪತ್ರಗಳು, ಪ್ಲಾಸ್ಟಿಕ್ ಹಾಳೆಯ ಒಳಗೆ. ಕೌಂಟರಿನಲ್ಲಿ ಸಹಿ ಸ್ವಲ್ಪ ಓರೆಯಾಗಿದ್ದರೂ ಮಾದರಿ ಸಹಿಯ ಕಾರ್ಡು ತೆಗೆಸಿ ತಾಳೆ ನೋಡದೆ ಇನ್ನೂರು ರೂಪಾಯಿ ಪಾವತಿ ಮಾಡದ ನಾನು, ಮೂರು ಪತ್ರ ಓದಿ 2,700 ರೂಪಾಯಿ ಎಣಿಸಿ ಕೊಟ್ಟು, ಚಕ್ಕೆ ಮತ್ತು ಪುಡಿಯ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ರಸೀದಿ ಕೇಳಬೇಕೆಂದೂ ತೋಚಲಿಲ್ಲ.

ಪಥ್ಯ ಬಹಳ ಇತ್ತು. ಬದನೆಕಾಯಿ ಇಲ್ಲ, ಕುಂಬಳ ಇಲ್ಲ, ಹುಳಿ ಇಲ್ಲ, ಇಂಗ್ಲಿಷ್ ಔಷಧಿ ಯಾವುದೂ ಕೂಡದು. ಅಕ್ಕ ಬಿ.ಪಿ. ಮಾತ್ರೆಯನ್ನೂ ನಿಲ್ಲಿಸಿಬಿಟ್ಟಳು. ಮೊದಲ ತಿಂಗಳು ಗಂಟು ಮೆತ್ತಗಾದ ಹಾಗಿದೆ ಎಂದಳು; ನಾವೆಲ್ಲ ನಂಬಿದೆವು, ನಂಬುವುದು ಬೇಕಾಗಿತ್ತು. ದೀಪಾವಳಿ ಕಳೆದ ಮೇಲೆ ಗಂಟು ದೊಡ್ಡದಾಯಿತು, ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಯಿತು. ನಾನು ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಬ್ಬದಲ್ಲಿ ಏನು ತಿಂದರು?"

ಪಕ್ಕದ ಮನೆಯವರು ಕೊಟ್ಟ ಬದನೆಕಾಯಿ ಎಣ್ಣೆಗಾಯಿಯನ್ನು ಅಕ್ಕ ಒಂದು ಚೂರು ತಿಂದಿದ್ದಳು. "ಅದೇ ನೋಡಿ" ಎಂದರು. ಇನ್ನೊಂದು ಸಲ ಮೊದಲಿನಿಂದ ಪ್ರಾರಂಭಿಸಬೇಕೆಂದರು.

ಅಕ್ಕ ಅತ್ತಳು. ಗಂಟು ದೊಡ್ಡದಾಯಿತೆಂದು ಅಲ್ಲ, ಬದನೆಕಾಯಿ ತಿಂದುಬಿಟ್ಟೆನಲ್ಲ ಎಂದು. ಈ ಪಥ್ಯದ ಗುಟ್ಟು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಔಷಧಿ ಕೆಲಸ ಮಾಡಿದರೆ ಹೆಸರು ಔಷಧಿಗೆ. ಮಾಡದಿದ್ದರೆ ತಪ್ಪು ರೋಗಿಯದು. ಇಪ್ಪತ್ತು ಪದಾರ್ಥ ಬೇಡವೆಂದು ಹೇಳಿಬಿಟ್ಟರೆ ಮೂರು ತಿಂಗಳಲ್ಲಿ ಯಾರಾದರೂ ಒಂದನ್ನಾದರೂ ತಿಂದೇ ತಿನ್ನುತ್ತಾರೆ.

ಸಂಕ್ರಾಂತಿ ಮುಗಿದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ಬೈಯಲಿಲ್ಲ. "ಗಂಟು ಮೊದಲು ಕಂಡದ್ದು ಯಾವಾಗ?" ಎಂದು ಕೇಳಿದರು. ಗೌರಿ ಹಬ್ಬ ಎಂದೆ. ಅವರು ಕೇಸ್ ಶೀಟಿನಲ್ಲಿ ಆಗಸ್ಟ್ 2003 ಎಂದು ಬರೆದು, ಅದರ ಕೆಳಗೆ ಆ ದಿನದ ತಾರೀಖು ಬರೆದರು. ಅಷ್ಟೇ. ಒಂದರ ಕೆಳಗೆ ಒಂದು ಬರೆದದ್ದನ್ನು ನೋಡಿದರೆ ಕಳೆಯುವುದು ನನ್ನ ಕೈಗೆ ಅಂಟಿದ ಅಭ್ಯಾಸ. ನಾಲ್ಕೂವರೆ ತಿಂಗಳು.

ಅಷ್ಟರಲ್ಲಿ ರೋಗ ಕಂಕುಳ ದಾಟಿ ಮೂಳೆಗೆ ಹೋಗಿತ್ತು. ಅವಳು ಅಷ್ಟು ಹೆದರಿದ್ದ ಕೀಮೋಥೆರಪಿಯನ್ನು ಕೊನೆಗೂ ತೆಗೆದುಕೊಂಡಳು. ಕೂದಲು ಉದುರಿತು, ತಲೆಗೆ ಬಟ್ಟೆ ಕಟ್ಟಿಕೊಂಡು "ಈಗ ನಿನ್ನ ತಲೆಗೂ ನನ್ನ ತಲೆಗೂ ಸರಿಹೋಯ್ತು ಕಣೋ" ಎಂದು ನನ್ನ ಬೋಳುತಲೆ ನೋಡಿ ನಕ್ಕಳು. 2005ರ ಶ್ರಾವಣದಲ್ಲಿ ಹೋದಳು. ಅವಳಾಗಲಿ ಭಾವನಾಗಲಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೊದಲೇ ಹೋಗಿದ್ದರೆ ಬದುಕುತ್ತಿದ್ದಳು ಎಂದು ಪ್ರಮಾಣ ಮಾಡಿ ಹೇಳಲಾರೆ. ಯಾವ ವೈದ್ಯರೂ ಹಾಗೆ ಹೇಳುವುದಿಲ್ಲ. ಆದರೆ ಒಂದು ಲೆಕ್ಕ ನನ್ನನ್ನು ಬಿಟ್ಟಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟಿಸಿದ್ದು. ರೋಗ ಇನ್ನೂ ದೂರದ ಅಂಗಗಳಿಗೆ ಹರಡದಿದ್ದಾಗಲೇ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬೇರೆ ಮದ್ದನ್ನೇ ಆರಿಸಿಕೊಂಡ 281 ಜನರನ್ನೂ, ಅಂಥದೇ ರೋಗಕ್ಕೆ ಆಸ್ಪತ್ರೆಯ ಚಿಕಿತ್ಸೆ ಪಡೆದ 560 ಜನರನ್ನೂ ಹೋಲಿಸಿ ನೋಡಿದರು. ಮೊದಲ ಗುಂಪಿನಲ್ಲಿ ಸಾಯುವ ಅಪಾಯ ಎರಡೂವರೆ ಪಟ್ಟು. ಸ್ತನದ ಕ್ಯಾನ್ಸರನ್ನು ಮಾತ್ರ ತೆಗೆದುಕೊಂಡರೆ ಐದು ಪಟ್ಟಿಗೂ ಹೆಚ್ಚು. ಬೇಗ ಹಿಡಿದರೆ ಚೆನ್ನಾಗಿ ವಾಸಿಯಾಗುವ ರೋಗದಲ್ಲೇ ತಡಮಾಡಿದ ನಷ್ಟ ದೊಡ್ಡದು.

ಇದನ್ನೆಲ್ಲ ನಾನು ಓದತೊಡಗಿದ್ದು ನಿವೃತ್ತನಾದ ಮೇಲೆ. ಆಗಲೇ ಇನ್ನೊಂದು ಕೆಲಸವನ್ನೂ ಮಾಡಿದೆ. ಆ ಆಲ್ಬಮಿನಲ್ಲಿ ಓದಿದ ಮೂರು ಪತ್ರಗಳಲ್ಲಿ ಒಂದು ನಮ್ಮ ಜಿಲ್ಲೆಯ ಊರಿನದೇ ಆಗಿತ್ತು. ಊರಿನ ಹೆಸರು, ಬರೆದವರ ಹೆಸರು ನೆನಪಿತ್ತು. 2012ರಲ್ಲಿ ಹುಡುಕಿಕೊಂಡು ಹೋದೆ. ಮನೆಯಲ್ಲಿ ಅವರ ಹೆಂಡತಿ ಇದ್ದರು, ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಆ ಪತ್ರ ಬರೆದ ಎಂಟು ತಿಂಗಳಿಗೆ ತೀರಿಕೊಂಡರಂತೆ. ಬರೆಯುವಾಗ ಸುಳ್ಳು ಬರೆದಿರಲಿಲ್ಲ. ಆಗ ಹಸಿವು ಚೆನ್ನಾಗಿತ್ತು, ನೋವು ಕಡಿಮೆ ಅನ್ನಿಸಿತ್ತು, ಸಂತೋಷಕ್ಕೆ ಬರೆದರು. ಸತ್ತ ಮೇಲೆ ಇನ್ನೊಂದು ಪತ್ರ ಬರೆಯುವವರು ಯಾರು? ಅಂದರೆ ನನ್ನ ಮುಂದೆ ಆ ಪತ್ರ ತೆರೆದಿಟ್ಟ ದಿನ ಬರೆದವರು ಬಹುಶಃ ಇರಲೇ ಇಲ್ಲ. ಆ ಆಲ್ಬಮಿನಲ್ಲಿ ಜಮಾ ಬದಿ ಮಾತ್ರ ಇತ್ತು, ಖರ್ಚಿನ ಬದಿ ಇರಲಿಲ್ಲ. ಅಂಥ ಲೆಡ್ಜರನ್ನು ನಮ್ಮ ಬ್ಯಾಂಕಿನಲ್ಲಿ ಯಾರಾದರೂ ಇಟ್ಟಿದ್ದರೆ ಆಡಿಟರ್ ಮೊದಲ ದಿನವೇ ಹಿಡಿಯುತ್ತಿದ್ದರು.

ಗುಣವಾದೆವು ಎನ್ನುವವರು ಎಲ್ಲರೂ ಸುಳ್ಳು ಹೇಳುತ್ತಾರೆಂದು ನಾನು ಹೇಳುವುದಿಲ್ಲ. ಕೆಲವರಿಗೆ ಇದ್ದದ್ದು ಕ್ಯಾನ್ಸರ್ ಗಂಟೇ ಅಲ್ಲ, ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಇನ್ನು ಕೆಲವರು ಎರಡನ್ನೂ ಮಾಡಿರುತ್ತಾರೆ. 2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು, ತಮ್ಮ ಹೆಂಡತಿಯ ನಾಲ್ಕನೇ ಹಂತದ ಕ್ಯಾನ್ಸರ್ ನಿಂಬೆನೀರು, ಹಸಿ ಅರಿಸಿನ, ಬೇವಿನ ಎಲೆ, ತುಳಸಿ ಇಂಥ ಪಥ್ಯದಿಂದ ಹೋಯಿತೆಂಬ ಅರ್ಥದಲ್ಲಿ ಮಾತಾಡಿದ್ದು ದೇಶವೆಲ್ಲ ಓಡಾಡಿತು. ನಮ್ಮ ಗ್ರೂಪಿಗೂ ಬಂತು. ಆಕೆಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಎಲ್ಲವೂ ಆಗಿತ್ತು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಈಗಿನ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಮಾಡಿ, ಇಂಥದ್ದನ್ನು ನಂಬಿ ಚಿಕಿತ್ಸೆ ತಡಮಾಡಬೇಡಿ ಎಂದು ಹೇಳಿಕೆ ಕೊಡಬೇಕಾಯಿತು. ಆಮೇಲೆ ಸಿಧು ಅವರೂ ಪಥ್ಯವನ್ನು ವೈದ್ಯರ ಸಲಹೆಯಂತೆ, ಚಿಕಿತ್ಸೆಯ ಜೊತೆಗೇ ಮಾಡಿದ್ದು ಎಂದರು. ಆ ಎರಡನೆಯ ಮಾತು ನಮ್ಮ ಗ್ರೂಪಿಗೆ ಬರಲೇ ಇಲ್ಲ.

ಬೆಳಿಗ್ಗೆ ಎದ್ದಾಗ ಮೊಮ್ಮಗಳು ಮನೆಯಲ್ಲಿದ್ದಳು. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಾಳೆ, ರಜಕ್ಕೆ ಬಂದಿದ್ದಳು. ಲಕ್ಷ್ಮಣಫಲದ ಸಂದೇಶವನ್ನು ಅವಳಿಗೆ ತೋರಿಸಿದೆ. ನಮ್ಮ ಕಡೆ ಕೆಲವರು ಹನುಮಫಲ ಅಂತಲೂ ಹೇಳುವ, ಸೀತಾಫಲದ ಜಾತಿಯ ಮುಳ್ಳುಮುಳ್ಳು ಹಣ್ಣು. ಸಂದೇಶದಲ್ಲಿ ಅದು ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಶಕ್ತಿಯುಳ್ಳದ್ದು ಎಂದಿತ್ತು. "ಇಷ್ಟು ಸರಿಯಾದ ಸಂಖ್ಯೆ ಎಲ್ಲಿಂದ ಬಂತು ನೋಡು ಮಗಳೇ, ಸುಮ್ಮನೆ ಯಾರೂ ಹತ್ತು ಸಾವಿರ ಅನ್ನೋದಿಲ್ಲ" ಎಂದೆ. ಕಾಲು ಗಂಟೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಹುಡುಕಿ ತೆಗೆದಳು.

ಸಂಖ್ಯೆ ನಿಜವೇ! 1996ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಹಣ್ಣಿನ ಬೀಜದಿಂದ ಕೆಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಅದರಲ್ಲಿ ಒಂದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದಾಗ, ಏಡ್ರಿಯಾಮೈಸಿನ್ ಎಂಬ ಔಷಧಿಗಿಂತ ಹತ್ತು ಸಾವಿರ ಪಟ್ಟು ತೀಕ್ಷ್ಣವಾಗಿ ಕಂಡಿತು. ಒಂದು ರಾಸಾಯನಿಕ, ಒಂದು ಬಗೆಯ ಕೋಶ, ಗಾಜಿನ ತಟ್ಟೆ. ಮನುಷ್ಯರಿಲ್ಲ, ಇಲಿಯೂ ಇಲ್ಲ, ನಾವು ತಿನ್ನುವ ತಿರುಳೂ ಇಲ್ಲ. "ಅಜ್ಜ, ತಟ್ಟೇಲಿರೋ ಕೋಶಕ್ಕೆ ಸೋಪಿನ ನೀರು ಹಾಕಿದ್ರೂ ಸಾಯುತ್ತೆ. ಕಷ್ಟ ಇರೋದು ಮನುಷ್ಯನನ್ನ ಉಳಿಸಿಕೊಂಡು ಅದನ್ನ ಸಾಯಿಸೋದ್ರಲ್ಲಿ" ಎಂದಳು.

ಇನ್ನೊಂದನ್ನೂ ತೋರಿಸಿದಳು. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಇದರ ಎಲೆಯ ಕಷಾಯವನ್ನೂ ಬಹಳ ಬಳಸುವವರಲ್ಲಿ, ಪಾರ್ಕಿನ್ಸನ್ ಕಾಯಿಲೆಯಂಥ, ಆದರೆ ಅದರ ಔಷಧಿಗೆ ಅಷ್ಟಾಗಿ ಬಗ್ಗದ ಒಂದು ನರದ ತೊಂದರೆ ಹೆಚ್ಚಾಗಿರುವುದನ್ನು ಅಲ್ಲಿನ ವೈದ್ಯರು 1999ರಲ್ಲಿ ವರದಿ ಮಾಡಿದ್ದಾರೆ. ಹಣ್ಣನ್ನು ಎಂದೋ ಒಮ್ಮೆ ರುಚಿಗೆ ತಿಂದರೆ ಭಯಪಡಬೇಕಿಲ್ಲ. ಔಷಧಿಯೆಂದು ದಿನಾ ಎಲೆ ಕುದಿಸಿ ಕುಡಿಯುವುದು ಬೇರೆ ಮಾತು.

ನಮ್ಮ ಗ್ರೂಪಿನಲ್ಲಿ ಆಗಾಗ ಬರುವ ಇನ್ನೊಂದು ಸಂದೇಶವಿದೆ. ಕ್ಯಾನ್ಸರ್ ರೋಗವೇ ಅಲ್ಲ, ಬರೀ ವಿಟಮಿನ್ ಬಿ 17ರ ಕೊರತೆ, ಏಪ್ರಿಕಾಟ್ ಹಣ್ಣಿನ ಬೀಜದ ತಿರುಳು ತಿಂದರೆ ಸಾಕು ಎಂದು. ವಿದೇಶಗಳಲ್ಲಿ ಇದು ನನ್ನ ವಯಸ್ಸಿನಷ್ಟೇ ಹಳೆಯ ಕಥೆ. ಕ್ಯಾಲಿಫೋರ್ನಿಯಾದ ಕ್ರೆಬ್ಸ್ ಎಂಬ ತಂದೆ ಮಕ್ಕಳು 1950ರ ದಶಕದಲ್ಲಿ ಇದನ್ನು ಲೀಟ್ರಿಲ್ ಎಂಬ ಹೆಸರಿನಲ್ಲಿ ಹೊರತಂದರು. ಔಷಧಿ ಎಂದರೆ ಸರ್ಕಾರ ಪುರಾವೆ ಕೇಳುತ್ತದೆ. ಮುಂದೆ ಮಗ ಅದಕ್ಕೆ ವಿಟಮಿನ್ ಎಂದು ಹೆಸರಿಟ್ಟ. ಅದು ವಿಟಮಿನ್ ಅಲ್ಲ. ಅದಿಲ್ಲದೆ ಯಾರಿಗೂ ಯಾವ ಕಾಯಿಲೆಯೂ ಬರುವುದಿಲ್ಲ. ಅದರಲ್ಲಿರುವ ಎಮಿಗ್ಡಲಿನ್ ಎಂಬ ಪದಾರ್ಥ ಹೊಟ್ಟೆಗೆ ಹೋದರೆ ಸಯನೈಡ್ ಬಿಡುಗಡೆಯಾಗುತ್ತದೆ. ಎಳೆಯ ಜೋಳದ ಪೈರು ಮೇಯ್ದ ದನ ಹೊಟ್ಟೆ ಉಬ್ಬಿ ಸಾಯುವುದನ್ನು ಹಳ್ಳಿಯವರು ಕಂಡಿರುತ್ತೀರಿ. ಅಲ್ಲಿ ಕೊಲ್ಲುವುದೂ ಇದೇ ವಿಷ.

ಸ್ಟೀವ್ ಮೆಕ್ವೀನ್ ಎಂಬ ಹಾಲಿವುಡ್ ನಟನ 'ದಿ ಗ್ರೇಟ್ ಎಸ್ಕೇಪ್' ಚಿತ್ರವನ್ನು ನಾನು ಕಾಲೇಜಿನ ದಿನಗಳಲ್ಲಿ ನೋಡಿದ್ದೆ. ಮೋಟಾರ್ ಸೈಕಲ್ಲಿನಲ್ಲಿ ಮುಳ್ಳುತಂತಿ ಬೇಲಿ ಹಾರುವ ದೃಶ್ಯಕ್ಕೆ ಥಿಯೇಟರಿನಲ್ಲಿ ಶಿಳ್ಳೆ. (ಆ ಹಾರಿಕೆ ಅವನದಲ್ಲ, ಬಡ್ ಎಕಿನ್ಸ್ ಎಂಬ ಅವನ ಸ್ನೇಹಿತನದು ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಒಬ್ಬನ ಜಮೆ ಇನ್ನೊಬ್ಬನ ಖಾತೆಗೆ!) ಆ ನಟನಿಗೆ ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಬಂತು. ಅಮೆರಿಕದ ವೈದ್ಯರ ಕೈಯಲ್ಲಿ ಅದಕ್ಕೆ ಆಗ ಹೆಚ್ಚಿಗೆ ಏನೂ ಇರಲಿಲ್ಲ. 1980ರಲ್ಲಿ ಆತ ಮೆಕ್ಸಿಕೋದ ಒಂದು ಕ್ಲಿನಿಕ್ಕಿಗೆ ಹೋಗಿ ಲೀಟ್ರಿಲ್, ಕಾಫಿ ಎನಿಮಾ, ಪ್ರಾಣಿಗಳ ಜೀವಕೋಶದ ಇಂಜೆಕ್ಷನ್ ಎಲ್ಲ ತೆಗೆದುಕೊಂಡ. ಅಕ್ಟೋಬರಿನಲ್ಲಿ ಅವನು ಚೇತರಿಸಿಕೊಳ್ಳುತ್ತಿದ್ದಾನೆಂದು ಸುದ್ದಿಯಾಯಿತು. ನವೆಂಬರ್ 7ರಂದು ಸತ್ತ. ಐವತ್ತು ವರ್ಷ.

ಜನರ ಒತ್ತಾಯ ಎಷ್ಟಿತ್ತೆಂದರೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಲೀಟ್ರಿಲನ್ನು ಪರೀಕ್ಷೆಗೇ ಒಡ್ಡಿತು. ಮೇಯೋ ಕ್ಲಿನಿಕ್ ಮತ್ತು ಬೇರೆ ಮೂರು ಆಸ್ಪತ್ರೆಗಳಲ್ಲಿ 178 ರೋಗಿಗಳಿಗೆ, ಅದರ ಬೆಂಬಲಿಗರು ಹೇಳುವ ಪಥ್ಯದ ಸಮೇತ ಕೊಟ್ಟು ನೋಡಿದರು. 1982ರಲ್ಲಿ ಫಲಿತಾಂಶ ಬಂತು. ಒಬ್ಬನಿಗೆ ಮಾತ್ರ ಗಡ್ಡೆ ಸ್ವಲ್ಪ ಕಾಲ ಕುಗ್ಗಿದಂತೆ ಕಂಡು ಮತ್ತೆ ಬೆಳೆಯಿತು. ಯಾರೂ ಗುಣವಾಗಲಿಲ್ಲ. ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಏರಿತ್ತು. ನಾನು ಸಣ್ಣ ಊರಿನ ಶಾಖೆಯಲ್ಲಿ ಓಚರ್ ಬರೆಯುತ್ತಿದ್ದ ಕಾಲದಲ್ಲೇ ಮುಗಿದುಹೋದ ಖಾತೆ ಇದು. ಈಗ ನನ್ನ ಫೋನಿನಲ್ಲಿ ಹೊಸದಾಗಿ ತೆರೆದುಕೊಂಡಿದೆ.

ಹಾಗಾದರೆ ಗಿಡಮೂಲಿಕೆ ಎಲ್ಲ ಸುಳ್ಳೇ ಎಂದು ಕೇಳುತ್ತೀರಿ. ಅಲ್ಲ. ನಮ್ಮ ಮನೆಯ ಮುಂದೆ ತುಳಸಿಕಟ್ಟೆಯ ಪಕ್ಕದಲ್ಲೇ ಪುರಾವೆ ಬೆಳೆದಿದೆ: ಕಾಶಿಕಣಗಿಲೆ. ನಿತ್ಯಪುಷ್ಪ ಅಂತಲೂ ಹೇಳುತ್ತಾರೆ, ನೀರಿಲ್ಲದಿದ್ದರೂ ಗುಲಾಬಿ ಬಣ್ಣದ ಹೂ ಬಿಡುತ್ತಲೇ ಇರುತ್ತದೆ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆನಡಾದ ಒಬ್ಬ ವೈದ್ಯರಿಗೆ ಅವರ ರೋಗಿಯೊಬ್ಬರು ಲಕೋಟೆಯಲ್ಲಿ ಈ ಎಲೆಗಳನ್ನು ಕಳಿಸಿದರು. ಆ ವೈದ್ಯರು ಅದನ್ನು ಸಂಶೋಧಕರಾಗಿದ್ದ ತಮ್ಮ ಸೋದರ ರಾಬರ್ಟ್ ನೋಬಲ್ ಅವರಿಗೆ ಕೊಟ್ಟರು. ಇಲಿಗಳ ಮೇಲೆ ನೋಡಿದರೆ ಸಕ್ಕರೆ ಇಳಿಯಲೇ ಇಲ್ಲ. ಆದರೆ ರಕ್ತದ ಬಿಳಿ ಕಣಗಳು ಇಳಿದುಹೋದವು. ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರೋಗವೇ ರಕ್ತದ ಕ್ಯಾನ್ಸರ್ ಅಲ್ಲವೇ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಎಳೆ ಹಿಡಿದು ಹೋಗಿ ವಿನ್‌ಬ್ಲಾಸ್ಟಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಅದೇ ಗಿಡದಿಂದ ಒಂದು ಔಷಧ ಕಂಪನಿಯ ವಿಜ್ಞಾನಿಗಳು ವಿನ್‌ಕ್ರಿಸ್ಟಿನ್ ತೆಗೆದರು. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವತ್ತು ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಬೇರೆ ಔಷಧಿಗಳ ಜೊತೆ ಕೊಡುವುದು ಇದನ್ನೇ. ಒಂದೆರಡು ಗ್ರಾಂ ಔಷಧಿಗೆ ರಾಶಿರಾಶಿ ಒಣಗಿದ ಎಲೆ ಬೇಕು, ಎಷ್ಟು ಕೊಡಬೇಕೆಂಬುದು ಮಗುವಿನ ಮೈ ಅಳತೆಯ ಮೇಲೆ ಲೆಕ್ಕ. ಎಲೆಯನ್ನೇ ಕಿತ್ತು ಅಗಿದರೆ ವಿಷ. ಈ ಪತ್ರಿಕೆ ಓದುವ ಮಕ್ಕಳು ಗಿಡ ನೋಡಿ, ಹೂವನ್ನು ದೇವರಿಗೆ ಕೊಡಿ, ಬಾಯಿಗೆ ಹಾಕಬೇಡಿ.

ಕಾನೂನೂ ಇದೆ. ಕ್ಯಾನ್ಸರ್ ಸೇರಿ 54 ಕಾಯಿಲೆಗಳ ಪಟ್ಟಿ ಮಾಡಿ, ಇವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದೆಂದು 1954ರಷ್ಟು ಹಿಂದೆಯೇ ಕೇಂದ್ರ ಸರ್ಕಾರ ಕಾಯ್ದೆ ಮಾಡಿದೆ. ಮೊದಲ ಸಲ ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಸಜೆಯೂ ಆಗಬಹುದು. ನಮ್ಮ ಬಸ್‌ಸ್ಟ್ಯಾಂಡಿನ ಗೋಡೆಗಳಿಗೆ ಅದು ಗೊತ್ತಿಲ್ಲ.

ಆ ದಿನ ಹತ್ತು ಗಂಟೆಯ ಬಸ್ಸಿಗೆ ಹೊಳೆನರಸೀಪುರದ ಕಡೆ ಬೀಗರ ಊರಿಗೆ ಹೋದೆ. ತಮ್ಮನ ಸೊಸೆ, ಅವಳ ಅಣ್ಣ, ಬೀಗಿತ್ತಿ ಮೂವರೂ ಇದ್ದರು. ಬೀಗಿತ್ತಿ ಬಾಗಿಲ ಹಿಂದೆ ನಿಂತೇ ಮಾತಾಡುವವರು. ಹತ್ತೊಂಬತ್ತನೇ ವಯಸ್ಸಿಗೆ ಹಿಡಿದ ಎಲೆಅಡಿಕೆ ಹೊಗೆಸೊಪ್ಪು, ಈಗ ಅರವತ್ತೆರಡು. ಕೆನ್ನೆಯ ಒಳಗೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲೇ ಹುಣ್ಣು.

ನಾನು ಹತ್ತು ಸಾವಿರ ಪಟ್ಟಿನ ಕಥೆ ಹೇಳಿದೆ. ಹುಡುಗ ಜಗ್ಗಲಿಲ್ಲ. "ಕೊಟ್ಟು ನೋಡೋದ್ರಲ್ಲಿ ನಷ್ಟ ಏನು ಮಾವ? ಎರಡು ತಿಂಗಳು ತಾನೆ. ಚೂರು ತೆಗೆದು ಹರಡಿಬಿಟ್ರೆ?" ಎಂದ. ಚೂರು ತೆಗೆದು ಪರೀಕ್ಷಿಸುವುದರಿಂದ ರೋಗ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂದು ಡಾಕ್ಟರೇ ಹೇಳಿದ್ದರಂತೆ. ಅವನ ಕಿವಿಗೆ ಹೋಗಿರಲಿಲ್ಲ. ಅವನನ್ನು ಬೈಯಲು ನನಗೇನು ಹಕ್ಕು? ತಾಯಿಯ ಮೇಲಿನ ಆಸೆಗೇ ಹಾಗೆ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಜಗಲಿಯಲ್ಲಿ ನಾನೂ ಅದನ್ನೇ ಹೇಳಿದ್ದೆ.

ಆಗ ಅಕ್ಕನ ವಿಷಯ ಹೇಳಿದೆ. ಅದುವರೆಗೆ ಪೂರ್ತಿ ಯಾರ ಮುಂದೆಯೂ ಹೇಳಿರಲಿಲ್ಲ. ಆಲ್ಬಮ್, ಪೊಟ್ಟಣ, ಬದನೆಕಾಯಿ, ಕೇಸ್ ಶೀಟಿನ ಎರಡು ತಾರೀಖು. ನಡುವೆ ಒಮ್ಮೆ ಮಾತು ನಿಂತುಹೋಯಿತು, ನೀರು ತಂದುಕೊಟ್ಟರು. ಹುಡುಗ ನೆಲ ನೋಡುತ್ತ ಕೂತಿದ್ದ. ಮೊದಲು ಮಾತಾಡಿದವರು ಬಾಗಿಲ ಹಿಂದಿದ್ದ ಬೀಗಿತ್ತಿ. "ನಾಳೆ ಎಷ್ಟು ಗಂಟೆಗೆ ಬಸ್ಸು?" ಎಂದರು.

ಖರ್ಚಿನ ಯೋಚನೆಯೂ ಅವರಿಗಿತ್ತು. ಬಿ.ಪಿ.ಎಲ್. ಕಾರ್ಡಿದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶವಿದೆ, ಬೇಕಾದರೆ ಬೆಂಗಳೂರಿನ ಕಿದ್ವಾಯಿ ಇದೆ ಎಂದೆ. ಕಾರ್ಡು, ಆಧಾರ್, ಎರಡು ಜೆರಾಕ್ಸ್ ಎಲ್ಲ ಒಂದು ಫೈಲಿಗೆ ಹಾಕಿಕೊಟ್ಟೆ. ಇಂಥ ಕೆಲಸ ನನಗೆ ಬರುತ್ತದೆ.

ಮರುದಿನ ನಾನೂ ಜೊತೆಗೆ ಹೋದೆ. ಚೂರು ತೆಗೆಯುವುದು ಹತ್ತು ನಿಮಿಷದ ಕೆಲಸ, ಮರಗಟ್ಟಿಸಿ ತೆಗೆದರು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಬೀಗಿತ್ತಿ ಹತ್ತಿಯನ್ನು ಕಚ್ಚಿಕೊಂಡೇ, ಸೆರಗಿನ ಮರೆಯಲ್ಲಿ ಮಗಳನ್ನು ಏನೋ ಕೇಳಿದರು. ಮಗಳು ನನ್ನ ಕಡೆ ನೋಡಿ, "ದೊಡ್ಡಮಾವ, ಬರೀ ಎಲೆ ಹಾಕ್ಕೋಬಹುದಾ ಅಂತ ಕೇಳ್ತಿದ್ದಾರೆ" ಎಂದಳು. ಹುಡುಗ ಎದ್ದು ಹೋಗಿ, ತಾಯಿಯ ಸೊಂಟದಲ್ಲಿದ್ದ ಎಲೆಅಡಿಕೆ ಚೀಲವನ್ನು ಬಿಡಿಸಿಕೊಂಡು ತನ್ನ ಜೇಬಿಗೆ ಹಾಕಿಕೊಂಡ.

ರಿಪೋರ್ಟು ಬರುವ ಶುಕ್ರವಾರ. ತರಲು ನಾನೂ ಹೋಗುತ್ತಿದ್ದೇನೆ.